ಅಗಲ ಪಾದಕ್ಕೆ ಉದ್ದ ಬೂಟು

ಕಾಡಪ್ಪ: ಬೂಟಿಂದು ಏನೂ ತಪ್ಪಿಲ್ರಿ ಅಕ್ಕೋರ. ನಿಮ್ಮ ಕಾಲು ನೋಡ್ಕೋರಿ.

ಉಮಾಶ್ರೀ: ನೋಡೇ ತಂದೇನ್ರಿ ಸಾವಕಾರ್ರ. ಇವನ್ನ ಬಿಟ್ಟು ಬ್ಯಾರೆ ಕಾಲಿಲ್ಲ ಮನ್ಯಾಗ.

ಬೈಲಹೊಂಗಲದ ಬಜಾರದಲ್ಲಿ ಕಾಡಪ್ಪನ ಬೂಟು-ಚಪ್ಪಲಿ ಅಂಗಡಿಗೆ ಒಂದು ಶಿಸ್ತಿತ್ತು. ಒಳಗೆ ಗೋಡೆಯಿಂದ ಗೋಡೆಗೆ ಬಿಳಿ ಗಾದಿ. ಯಾರೇ ಬರಲಿ, ಹಾಕಿಕೊಂಡು ಬಂದದ್ದನ್ನು ಮೆಟ್ಟಿಲಲ್ಲೇ ಬಿಟ್ಟು ಒಳಗೆ ಬರಬೇಕು. ಸಾವಕಾರನಿಗೂ ಅದೇ ಕಾನೂನು. ಶನಿವಾರದ ಸಂಜೆಬಿಸಿಲು ಗಾದಿಯ ಅಂಚಿಗೆ ಬಂದು, ಅದೂ ಏನನ್ನೋ ಕಳಚಿಟ್ಟು ಬಂದಂತೆ, ಮೆತ್ತಗೆ ಕೂತಿತ್ತು. ನಡುವೆ ಪ್ರಾಥಮಿಕ ಶಾಲೆಯ ಅಕ್ಕೋರು ಉಮಾಶ್ರೀ. ಸುತ್ತಲೂ ಬಾಯಿ ತೆರೆದ ಡಬ್ಬಿಗಳು. ಅವಳ ಪಾದ ಹಿಮ್ಮಡಿಯಲ್ಲಿ ಸಣ್ಣ, ಮುಂದೆ ಬರಬರುತ್ತ ಮುತ್ತುಗದ ಎಲೆಯಂತೆ ಅಗಲ. ಗುಡ್ಡ ಹತ್ತುವ ಸೈಕಲ್ಲು ಕೊಂಡಾಗಿನಿಂದ ಆ ಅಗಲ ಅವಳಿಗೆ ವೈರಿಯಾಗಿತ್ತು. ಗಂಡ ಗೌರೀಶ ಗೋಡೆಗೊರಗಿ ಮೊಬೈಲಿನ ಮೇಲೆ ಬೆರಳಾಡಿಸುತ್ತಿದ್ದ.

ಕಾಡಪ್ಪ: ಇವನ್ನ ಹಾಕಿ ನೋಡ್ರಿ. ಗುಲಾಬಿ ಬಣ್ಣ. ಹೆಣ್ಣುಮಕ್ಕಳಿಗಂತನ ಮಾಡ್ಯಾರ.

ಉಮಾಶ್ರೀ: ಬಣ್ಣ ಚಲೋ ಐತ್ರಿ. ಕಿರುಬೆರಳು ಹೊರಗ ಉಳೀತು.

ಕಾಡಪ್ಪ: ಹಂಗಾರ ಇದರಾಗ ಎರಡು ನಂಬರ್ ದೊಡ್ಡವು ಕೊಡ್ತೇನಿ.

ಉಮಾಶ್ರೀ: ನಾ ಕೇಳಿದ್ದು ಅಗಲ. ನೀವು ಕೊಡಾಕ ಹತ್ತಿದ್ದು ಉದ್ದ.

ಕಾಡಪ್ಪ: ಉದ್ದ ಆದಮ್ಯಾಲೆ ಅಗಲ ತಾನ ಆಗ್ತೈತ್ರಿ.

ಉಮಾಶ್ರೀ: ನಿಮ್ಮ ಹೊಲ ಹಂಗ ಆಗೇತೇನ್ರಿ? ಉದ್ದ ಇದ್ದದ್ದು ತಾನ ಅಗಲ ಆಗಿ ಬಾಜೂದವ್ರ ಬದು ದಾಟೇತೇನು?

ಗೌರೀಶ (ತಲೆ ಎತ್ತದೆ): ದಾಟಿದ್ರ ಸಾವಕಾರ್ರು ಹೇಳ್ತಿದ್ದಿಲ್ಲ ಬಿಡು.

ದೊಡ್ಡ ನಂಬರಿನ ಗುಲಾಬಿ ಬೂಟು ಬಂತು. ಹಿಮ್ಮಡಿಯ ಹಿಂದೆ ಒಂದು ಇಲಿ ಸಂಸಾರ ಹೂಡುವಷ್ಟು ಜಾಗ. ಮುಂದೆ ಮಾತ್ರ ಬೆರಳುಗಳು ಸಂತೆಯ ದಿನದ ಬಸ್ಸಿನಲ್ಲಿ ನಿಂತವರಂತೆ ಒಂದರ ಮೇಲೊಂದು. ಕಾಡಪ್ಪ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ.

ಕಾಡಪ್ಪ: ಈಗ ತಿಳೀತು ನೋಡ್ರಿ. ಕಾಲುಂಗರ ಅಡ್ಡ ಬರಾಕ ಹತ್ತ್ಯಾವ. ಅವನ್ನ ತಗದಿಡ್ರಿ.

ಗೌರೀಶ ಮೊದಲ ಸಲ ತಲೆ ಎತ್ತಿದ.

ಗೌರೀಶ: ಸಾವಕಾರ್ರ, ನಾ ಇಲ್ಲೇ ಕುಂತೇನ್ರಿ. ಜೀವಂತ ಅದೇನಿ.

ಉಮಾಶ್ರೀ: ನೀವು ಇದ್ದದ್ದು ಈಗ ಗೊತ್ತಾತು.

ಗೌರೀಶ: ಅಲ್ಲ ಉಮಾ, ಚಪ್ಪಲಿ ಮ್ಯಾಲೆ ತುಳದ್ರ ಆಗೂದಿಲ್ಲೇನು? ನಮ್ಮಪ್ಪ ಚಪ್ಪಲಿ ಮ್ಯಾಲೇ ಹೂಲಿತನಕ ಸೈಕಲ್ ಹೊಡೀತಿದ್ದ.

ಉಮಾಶ್ರೀ: ಏರು ಬಂದಲ್ಲೆ ಮಾವಾರು ಇಳದು ನೂಕ್ಕೊಂಡು ಹೋಗ್ತಿದ್ರು. ಅತ್ತಿಯಾರ ಹೇಳ್ಯಾರ.

ಹೋದ ಭಾನುವಾರ ಅವಳೂ ಇಳಿದಿದ್ದಳು. ಏರಿನ ಅರ್ಧದಲ್ಲಿ, ಇಕ್ಕಟ್ಟು ಬೂಟಿನೊಳಗೆ ಬೆರಳು ಜೋಮು ಹಿಡಿದು, ಕಾರ್ಖಾನೆಗೆ ಕಬ್ಬು ಹಾಕಿ ಬರುತ್ತಿದ್ದ ಖಾಲಿ ಟ್ರ್ಯಾಕ್ಟರಿನಲ್ಲಿ ಸೈಕಲ್ಲಿನ ಪಕ್ಕ ಕೂತು ಊರಿಗೆ ಬಂದಿದ್ದಳು. ಅವಳಿಗಿಂತ ಮೊದಲು ಅವಳ ಫೋಟೋ ಸೈಕಲ್ ಬಳಗದ ವಾಟ್ಸ್ಆ್ಯಪ್ ಸೇರಿತ್ತು. ಬಳಗದ ಮುಖಂಡ ಮಾಳಪ್ಪ ಬಲು ಸಭ್ಯವಾಗಿ ಬರೆದಿದ್ದ: ಹೆಣ್ಣುಮಕ್ಕಳಿಗೆ ಬೇರೆ ತಂಡ ಮಾಡೋಣ, ಕಿತ್ತೂರಿನ ಕೋಟೆಯ ಸುತ್ತ, ಸಪಾಟು ರಸ್ತೆಯಲ್ಲಿ. ನಾಳೆ ನವಿಲುತೀರ್ಥದ ಏರು ಹತ್ತದಿದ್ದರೆ ಆ ತಂಡವೇ ಅವಳಿಗೆ ಖಾಯಂ. ಕಿತ್ತೂರಿನಲ್ಲಿ, ಹೆಣ್ಣುಮಕ್ಕಳಿಗೆ ಸಪಾಟು ರಸ್ತೆ. ಆ ಮಾತು ಬೂಟಿಗಿಂತ ಹೆಚ್ಚು ಒತ್ತುತ್ತಿತ್ತು.

ಕಾಡಪ್ಪ: ಇವನ್ನ ತಗೊಂಡು ಹೋಗ್ರಿ ಅಕ್ಕೋರ. ಎರಡು ದಿನ ಹಾಕ್ಕೊಂಡು ಅಡ್ಡಾಡ್ರಿ, ತಾನ ಬಿಡ್ತಾವ.

ಉಮಾಶ್ರೀ: ಯಾವು ಬಿಡ್ತಾವ್ರಿ, ಬೂಟೋ ಬೆರಳೋ?

ಕಾಡಪ್ಪ: ಊರಾಗ ಎಲ್ಲಾರೂ ನಮ್ಮ ಬೂಟ ಹಾಕ್ತಾರ. ಯಾರೂ ಹಿಂಗ ಅಂದಿಲ್ಲ.

ಉಮಾಶ್ರೀ: ಎಲ್ಲಾರೂ ಕುಂಟಕೋತ ಹೊಂಟ್ರ, ಯಾರು ಯಾರಿಗೆ ಅನ್ನಬೇಕ್ರಿ?

ಅವಳು ಗುಲಾಬಿ ಬೂಟನ್ನು ಗಾದಿಯ ಮೇಲೆ ಕಳಚಿಟ್ಟು, ಎದ್ದು ಮೆಟ್ಟಿಲಿಗೆ ಬಂದಳು. ಚಪ್ಪಲಿ ಹುಡುಕುವಾಗ ಪಕ್ಕದಲ್ಲಿ ಒಂದು ಜೊತೆ ಕಪ್ಪು ಬೂಟು ಕಂಡವು. ಮೂತಿ ಅಗಲ, ತಳ ದಪ್ಪ. ಗಿರಾಕಿಗಳಿಗೆ ಕಾಣಲೆಂದು ಹೊರಗಿಟ್ಟಿರಬೇಕು ಎಂದುಕೊಂಡು ಕಾಲು ತೂರಿಸಿದಳು. ಬೆರಳುಗಳು ಒಂದೊಂದಾಗಿ ಮೈ ಚಾಚಿ ಮಲಗಿದವು. ಇಷ್ಟು ದಿನದ ಸುಸ್ತು ಅಲ್ಲೇ ಇಳಿದಂತಾಯಿತು. ಕೆಳಗೆ ನಿಲ್ಲಿಸಿದ್ದ ತನ್ನ ಸೈಕಲ್ಲಿನ ಪೆಡಲ್ ಮೇಲೆ ಕಾಲಿಟ್ಟು ಒತ್ತಿದಳು. ತಳ ಬಾಗಲಿಲ್ಲ, ಜಾರಲಿಲ್ಲ.

ಉಮಾಶ್ರೀ: ಸಾವಕಾರ್ರ, ಇಂಥಾವನ್ನ ಹೊರಗಿಟ್ಟು ಒಳಗ ನನ್ನ ಕಾಲಿಗೆ ಬೈಯಾಕ ಹತ್ತೀರಲ್ಲ. ಇವನ್ನ ಕಟ್ಟಿಕೊಡ್ರಿ.

ಕಾಡಪ್ಪ ಗಾದಿಯ ಅಂಚಿನತನಕ ಬಂದು ನಿಂತುಬಿಟ್ಟ.

ಕಾಡಪ್ಪ: ಅವು ಮಾರಾವಲ್ರಿ.

ಉಮಾಶ್ರೀ: ಯಾರವು?

ಕಾಡಪ್ಪ: ನನ್ನವ್ರಿ.

ಆಗ ಅವಳು ಸಾವಕಾರನ ಪಾದ ನೋಡಿದಳು. ಗಿಡ್ಡ ಆಳು, ಪಾದವೂ ಗಿಡ್ಡ, ಮುಂದೆ ಅಗಲ. ಅವಳ ಪಾದಕ್ಕೂ ಅವನ ಪಾದಕ್ಕೂ ಎಲ್ಲೋ ಹಳೆಯ ನಂಟು ಇದ್ದಂತಿತ್ತು.

ಉಮಾಶ್ರೀ: ಇಂಥಾವ ಹೊಸಾವು ತೋರಸ್ರಿ ಮತ್ತ.

ಕಾಡಪ್ಪ: ನಮ್ಮಲ್ಲಿ ಬರೂದಿಲ್ರಿ.

ಗೌರೀಶ: ಹಂಗಾರ ಇವು ಎಲ್ಲಿಂದ ಬಂದುವು?

ಕಾಡಪ್ಪ (ದನಿ ತಗ್ಗಿಸಿ): ಸವದತ್ತಿಯಿಂದ. ಅಲ್ಲೊಂದು ಅಂಗಡಿ ಐತ್ರಿ.

ಗೌರೀಶ: ಊರಿಗೆಲ್ಲಾ ಬೂಟು ಹಾಕಾವ್ರು ನೀವು, ಸವದತ್ತಿಗೆ ಹೋಗಿ ತಂದ್ರಿ?

ಕಾಡಪ್ಪ: ದಿನಾ ಮನೀತನಕ ನಡಕೋತ ಹೋಗಬೇಕಲ್ರಿ ಸರ. ನಮ್ಮ ಬೂಟಿನ್ಯಾಗ ಆಗ್ತೈತೇನು?

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು.

ಉಮಾಶ್ರೀ: ಚಲೋ ಆತು. ನಾಳೆ ನವಿಲುತೀರ್ಥಕ್ಕ ಹೊಂಟೇನಿ, ಸವದತ್ತಿ ಅಲ್ಲೇ ಐತಿ. ಬೈಲಹೊಂಗಲದ ಕಾಡಪ್ಪ ಸಾವಕಾರ್ರು ಹಾಕ್ತಾರಲ್ಲ, ಅಂಥಾವ ಕೊಡ್ರಿ ಅಂತೇನಿ.

ಕಾಡಪ್ಪ: ಹೆಸರು ತಗೀಬ್ಯಾಡ್ರಿ ಅಕ್ಕೋರ. ಅವ ಅದನ್ನ ಬೋರ್ಡಿನ ಮ್ಯಾಲೆ ಬರಸ್ತಾನ.

ಉಮಾಶ್ರೀ: ಹೆಸರು ಬ್ಯಾಡ ಅಂದ್ರ ಬೂಟಾದ್ರೂ ತೋರಸಬೇಕಲ್ರಿ. ನಾಳಿಗೆ ಇವನ್ನ ಕೊಟ್ಟು ಕಳಸ್ರಿ. ಏರೂ ಹತ್ತತೇನಿ, ಹೊಸಾವೂ ತಗೋತೇನಿ. ಸಂಜಿಗೆ ನಿಮ್ಮವು ನಿಮಗ.

ಕಾಡಪ್ಪ ಬೀದಿಯ ಎರಡೂ ಕಡೆ ನೋಡಿದ. ಯಾರೂ ಇರಲಿಲ್ಲ. ಮೆಲ್ಲಗೆ ತಲೆಯಾಡಿಸಿದ.

ಕಾಡಪ್ಪ: ತಗೊಂಡು ಹೋಗ್ರಿ. ಮತ್ತ ಈಗ ನಾ ಮನಿಗಿ ಹೆಂಗ ಹೋಗ್ಲಿ?

ಉಮಾಶ್ರೀ ಕೈ ಚಾಚಿ, ಗಾದಿಯ ಮೇಲಿದ್ದ ದೊಡ್ಡ ನಂಬರಿನ ಗುಲಾಬಿ ಬೂಟನ್ನು ಅವನ ಮುಂದೆ ನೆಟ್ಟಗೆ ಜೋಡಿಸಿಟ್ಟಳು. ಸೈಕಲ್ಲು ಹತ್ತಿ, ಒಂದು ಪೆಡಲ್ ತುಳಿದು, ಹಿಂತಿರುಗಿದಳು.

ಉಮಾಶ್ರೀ: ಇವನ್ನ ಹಾಕ್ಕೊಂಡು ಅಡ್ಡಾಡ್ರಿ ಸಾವಕಾರ್ರ. ತಾನ ಬಿಡ್ತಾವ.