ಅಡುಗೆಮನೆಯ ಗಡಿಯೊಳಗೆ

ಚಾರ್ಲ್‌ಸ್ಟನ್ನಿನ ಬೂಟು ಹೊಲಿಯುವ ಲೆಮ್ಯುಯೆಲ್ ಬ್ಯಾಸ್ಕಂಗೆ 1832ರ ಆ ಡಿಸೆಂಬರ್ ಸಂಜೆ ಒಂದೇ ಸಂಕಟ. ಇನ್ನೇನು ವಾಷಿಂಗ್ಟನ್ನಿನ ಸರ್ಕಾರದ ಸುಂಕಕ್ಕೆ ಎದುರಾಗಿ ಕಟ್ಟಿದ ಸ್ವಯಂಸೇವಕ ದಳದವರು ತಮಟೆ ಬಾರಿಸುತ್ತಾ ಬಂದು ತನ್ನನ್ನು ಕ್ಯಾಪ್ಟನ್ ಪಟ್ಟಕ್ಕೆ ಕರೆದೊಯ್ಯುತ್ತಾರೆ. ತಾನು ಟೋಪಿಗೆ ರದ್ದತಿ ಪಕ್ಷದ ಗುರುತಾದ ನೀಲಿ ರಿಬ್ಬನ್ನಿನ ಹೂ ಸಿಕ್ಕಿಸಿಕೊಂಡು ಕೂತಿದ್ದರೂ, ಯಾವುದಕ್ಕಾಗಿ ಹೋರಾಡುವುದೆಂದು ಹೆಂಡತಿಗೆ ಇನ್ನೂ ಅರ್ಥವಾಗಿಲ್ಲ! (ನಿಜ ಹೇಳಬೇಕೆಂದರೆ ಅವನಿಗೂ ಅರ್ಧಂಬರ್ಧವೇ.)

"ನೋಡು ಟ್ಯಾಬಿತಾ, ಒಕ್ಕೂಟ ಅಂದ್ರೆ ರಾಜ್ಯಗಳೆಲ್ಲ ಸೇರಿ ಮಾಡ್ಕೊಂಡ ಒಪ್ಪಂದ. ವಾಷಿಂಗ್ಟನ್ನಿನವರು ಅನ್ಯಾಯವಾಗಿ ಸುಂಕ ಹಾಕಿದ್ರೆ, ಆ ಕಾನೂನು ನಮ್ಮ ಗಡಿಯೊಳಗೆ ರದ್ದು ಅಂತ ರಾಜ್ಯವೇ ಸಾರಬಹುದು."

"ಹಾಗಾದ್ರೆ ಒಕ್ಕೂಟ ಬಿಟ್ಟು ಹೋಗ್ತೀರಾ?"

"ಛೆ, ಯಾಕೆ ಬಿಡ್ಬೇಕು? ಒಳಗೇ ಇರ್ತೀವಿ. ಕಾನೂನು ಮಾತ್ರ ಒಲ್ಲೆ ಅಂತೀವಿ."

ಟ್ಯಾಬಿತಾ ಕಡಾಯಿಯಲ್ಲಿದ್ದ ಜೋಳದ ಗಂಜಿ ತಿರುವಿ, ಸೌಟನ್ನು ಅಂಚಿಗೆ ಕುಟ್ಟಿದಳು.

"ಮದುವೇನೂ ಒಪ್ಪಂದವೇ ಅಲ್ವಾ ರೀ? ನಮ್ಮಮ್ಮ ಭಾನುವಾರ ಮಾತ್ರ ಬರ್ಬೇಕು ಅನ್ನೋ ನಿಮ್ಮ ಕಾನೂನು ಇವತ್ತಿಂದ ಅಡುಗೆಮನೆ ಗಡಿಯೊಳಗೆ ರದ್ದು. ಅಮ್ಮಾ, ಬಾ ಒಳಗೆ!"

ಹಿತ್ತಿಲ ಬಾಗಿಲಿಂದ ಅತ್ತೆ ಕೆಜಾಯ ಗಂಟುಮೂಟೆ ಸಮೇತ ಬಂದು, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಪೈಪು ಹಚ್ಚಿದಳು.

"ಅಮ್ಮಾ! ಅಡುಗೆಮನೇಲಿ ಹೊಗೆ ಬಿಡ್ಬಾರ್ದು ಅಂತ ಎಷ್ಟು ಸಲ ಹೇಳಿದೀನಿ?" ಎಂದಳು ಟ್ಯಾಬಿತಾ.

"ಆ ಕಾನೂನು ಈ ಕುರ್ಚಿಯೊಳಗೆ ರದ್ದು ಕಣೇ," ಎಂದಳು ಅತ್ತೆ, ಹೊಗೆಯನ್ನು ಅಳಿಯನ ಮುಖಕ್ಕೇ ಬಿಡುತ್ತಾ.

ಲೆಮ್ಯುಯೆಲ್‌ನ ತಲೆ ಗಿರ್ರೆಂದಿತು. ಅಡುಗೆಮನೆ ಮನೆಯೊಳಗೆ, ಕುರ್ಚಿ ಅಡುಗೆಮನೆಯೊಳಗೆ. ಹಾಗಾದರೆ ಯಾರ ಮಾತು ಎಲ್ಲಿಯವರೆಗೆ ನಡೆಯುತ್ತದೆ? ತನ್ನ ಮಾತಂತೂ ಎಲ್ಲಿಯೂ ನಡೆಯುವಂತೆ ಕಾಣಲಿಲ್ಲ. ರೇಗಿಹೋಗಿ ಮೇಜು ಗುದ್ದಿದ.

"ಒಬ್ಬೊಬ್ರೂ ತಮಗೆ ಬೇಡದ ಕಾನೂನು ರದ್ದು ಮಾಡ್ತಾ ಹೋದ್ರೆ ಇದೇನು ಮನೆಯೋ ಸಂತೆಯೋ? ಕೂಡಿ ಬಾಳ್ಬೇಕು ಅಂದ್ರೆ ಎಲ್ರಿಗೂ ಒಂದೇ ಕಾನೂನು! ಕೇಳದಿದ್ರೆ ಬಲಪ್ರಯೋಗ ಮಾಡ್ಬೇಕಾಗುತ್ತೆ, ಹುಷಾರ್!"

ಬೀದಿಯಲ್ಲಿ ಹತ್ತಿರವಾಗುತ್ತಿದ್ದ ತಮಟೆಯ ಸದ್ದು ತಟ್ಟನೆ ನಿಂತಿತು.

ಬಾಗಿಲು ತೆರೆದೇ ಇತ್ತು. ಹೊಸ್ತಿಲಾಚೆ ಇಡೀ ದಳ ನಿಂತಿತ್ತು. ಮುಂದಿದ್ದ ಹಿರಿಯ ಆಸಾ ವಿಗ್‌ಫಾಲ್ ಕನ್ನಡಕ ಸರಿಮಾಡಿಕೊಂಡರು.

"ಬ್ಯಾಸ್ಕಂ, ಸುಂಕ ರದ್ದು ಮಾಡಿದ್ದಕ್ಕೆ ನಮ್ಮನ್ನ ಬೆದರಿಸಿ ವಾಷಿಂಗ್ಟನ್ನಿಂದ ಅಧ್ಯಕ್ಷರು ಹೊರಡಿಸಿದ ಘೋಷಣೆಯೂ ಹೀಗೇ ಇತ್ತಲ್ಲಯ್ಯ!"

"ಅಯ್ಯೋ, ಅದು ಮನೆ ಒಳಗಿನ ಮಾತು ಸ್ವಾಮಿ! ಹೊರಗಡೆ ನಾನು ಪೂರಾ ರದ್ದತಿ ಪಕ್ಷದವನೇ!"

ವಿಗ್‌ಫಾಲ್ ಅವನ ಟೋಪಿಯ ನೀಲಿ ಹೂ ಕಿತ್ತು ಜೇಬಿಗಿಳಿಸಿದರು. ತಮಟೆ ಮತ್ತೆ ಶುರುವಾಯಿತು, ಬೇರೆಯವರ ಮನೆಯ ಕಡೆಗೆ. ಲೆಮ್ಯುಯೆಲ್‌ಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಎದುರು ಮನೆಯ ಕಿಟಕಿಯಿಂದ ಚಪ್ಪಾಳೆ ಕೇಳಿಸಿತು. ಒಕ್ಕೂಟವೇ ದೊಡ್ಡದು ಎನ್ನುತ್ತಿದ್ದ, ಅವನು ವರ್ಷವಿಡೀ ಬೈದುಕೊಂಡು ತಿರುಗಿದ್ದ ಟೋಪಿ ವ್ಯಾಪಾರಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದ.

"ಭೇಷ್ ಬ್ಯಾಸ್ಕಂ! ಎಂಥಾ ಮಾತು! ನಾಳೆ ನಮ್ಮ ಸಭೇಲಿ ಭಾಷಣ ನಿಮ್ಮದೇ. ಆ ಮೇಜು ಗುದ್ದೋದನ್ನ ಮಾತ್ರ ಮರೀಬೇಡಿ!"