ಬೀಗರ ಕೈಯಲ್ಲಿ ಗಾಜು ಒರೆಸಿಸಿದ್ದು

ನನಗಿರುವುದು ಒಂದೇ ದುರಭ್ಯಾಸ: ಸುಮ್ಮನೆ ಉರಿಯುವ ದೀಪ ಕಂಡರೆ ಕೈ ತಡೆಯುವುದಿಲ್ಲ, ಆರಿಸಿಬಿಡುತ್ತೇನೆ. (ನಮ್ಮ ಯಜಮಾನರು ಇದ್ದಷ್ಟು ದಿನ ಅರ್ಧ ಊಟ ಕತ್ತಲಲ್ಲೇ ಮಾಡಿದರು, ಪಾಪ.)

ಶ್ರಾವಣದ ಜಿಟಿಜಿಟಿ ಮಳೆ. ಮೊಮ್ಮಗಳು ನಂದಾಳಿಗೆ ಸಾರವಾಡದ ವರ. ಎಲ್ಲರೂ ಅವರ ಮನೆ ನೋಡಿ ಒಪ್ಪಿದ್ದರು. ನಾನು ನೋಡಿ ‘ಹೂಂ’ ಅನ್ನುವುದೊಂದೇ ಬಾಕಿ. ಮಗ ಸಿದ್ದಲಿಂಗೇಶ ಕಾರು ತೆಗೆದ. ಮುಂದಿನ ಸಿಂಹಾಸನದಲ್ಲಿ ನಾನು, ತೊಡೆಯ ಮೇಲೆ ಶೇಂಗಾ ಹೋಳಿಗೆಯ ಬುಟ್ಟಿ.

ಗಾಜಿಗೆ ಮಬ್ಬು ಹಿಡಿಯಿತೆಂದು ಮಗ ಬಿಸಿಗಾಳಿ ಬಿಟ್ಟ. ಜೊತೆಗೇ ಎಸಿಯ ದೀಪವೂ ಹತ್ತಿತು.

"ಲೇ ಸಿದ್ದ್ಯಾ, ಬಿಸಿನೂ ಬಿಟ್ಟು ತಂಪೂ ಬಿಡತೀಯಲ್ಲೋ! ಒಲಿ ಹಚ್ಚಿ ಮ್ಯಾಲ ನೀರ ಹೊಯ್ದಂಗಾತು."

"ಅದು ಹಂಗ ಇರಬೇಕ ಬೇ. ಸುಮ್ಮ ಕುಂದ್ರು."

ನಾನು ಸುಮ್ಮನೆ ಕೂತೆ, ಕೈ ಕೂರಲಿಲ್ಲ. ಅವನು ರಸ್ತೆ ನೋಡುತ್ತಿದ್ದಾಗ ಮೆಲ್ಲಗೆ ಒತ್ತಿ ದೀಪ ಆರಿಸಿದೆ.

ಸಾರವಾಡ ಮುಟ್ಟುವಷ್ಟರಲ್ಲಿ ಗಾಜೆಲ್ಲ ಹಾಲಿನ ಕೆನೆ. "ಇದಕ್ಕೇನಾತೋ" ಎಂದು ಗೊಣಗುತ್ತಾ ಮಗ ಗಾಡಿ ನಿಲ್ಲಿಸಿ, ಓಣಿಯಲ್ಲಿ ಟ್ರ್ಯಾಕ್ಟರ್ ಅಡ್ಡ ಇದೆಯೋ ನೋಡಲು ಇಳಿದು ಹೋದ. ಪಕ್ಕದ ಗಾಜು ಇಳಿಸಿದರೆ, ಧೋತರ ಉಟ್ಟ ಹಿರಿಯರೊಬ್ಬರು ಕೊಡೆ ಹಿಡಿದು ನಗುತ್ತಾ ನಿಂತಿದ್ದರು. ಸುಮ್ಮನೆ ನಿಂತ ಮನುಷ್ಯರನ್ನು ಕಂಡರೂ ನನಗೆ ಸಂಕಟವೇ.

"ಯಣ್ಣಾ, ಹಲ್ಲ ಕಿಸಗೋತ ನಿಂತೀರಲ್ಲ, ಈ ಮುಂದಿನ ಗಾಜರೆ ಒರಸ್ರಿ!" ಎಂದು ಹೋಳಿಗೆ ಮುಚ್ಚಿದ್ದ ಬಟ್ಟೆ ಕೊಟ್ಟೆ.

"ಆಗಲ್ರಿ ಯಕ್ಕಾ." ಅವರು ಕೊಡೆ ಮಡಚಿಟ್ಟು, ನೆನೆಯುತ್ತಾ ತಿಕ್ಕಿದರು. ತುಪ್ಪದ ಜಿಡ್ಡು ಮೆತ್ತಿತೇ ಹೊರತು ಮಬ್ಬು ಹೋಗಲಿಲ್ಲ.

"ರೊಟ್ಟಿ ತಿಂದಿಲ್ಲೇನ್ರಿ? ಒತ್ತಿ ತಿಕ್ರಿ!"

ಮಗ ಕೆಸರಿನಲ್ಲೇ ಓಡಿ ಬಂದ. "ಯವ್ವಾ! ಅವರು ಗುರಲಿಂಗಪ್ಪನವರು! ಹುಡುಗನ ಅಪ್ಪ!"

"ಇರಲಿ ಬಿಡ್ರಿ," ಎಂದರು ಬೀಗರು, ಮುಖದ ನೀರು ಒರೆಸಿಕೊಳ್ಳುತ್ತಾ. "ಆದ್ರ ಮಬ್ಬು ಒಳಗ ಐತ್ರಿ ಯಕ್ಕಾ, ಹೊರಗ ತಿಕ್ಕಿದರ ಹೆಂಗ ಹೋಗತೈತಿ?"

ಮಗ ಆರಿದ ದೀಪ ನೋಡಿದ, ನನ್ನನ್ನು ನೋಡಿದ. "ಎಸಿ ತಂಪಿಗಲ್ಲ ಬೇ, ಗಾಳ್ಯಾಗಿನ ಹಸಿ ಹೀರಾಕ. ಒಣಾ ಗಾಳಿ ಕಾದು ಬಂದ್ರನ ಮಬ್ಬು ಹೋಗತೈತಿ." ಮತ್ತೆ ಹಚ್ಚಿದ. ಗಾಜು ತಿಳಿಯಾಯಿತು, ಜಿಡ್ಡಿನ ನಡುವೆ ನೆನೆದ ಬೀಗರು ಸ್ಪಷ್ಟವಾಗಿ ಕಂಡರು. ಮಬ್ಬೇ ಚೆನ್ನಾಗಿತ್ತು ಅನಿಸಿತು.

‘ಹೂಂ’ ಅನ್ನಲು ಹೋದವಳು ಅವರ ‘ಹೂಂ’ಗೆ ಕಾಯುತ್ತಾ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತೆ. ನನ್ನ ಕೈಯಿಂದ ನಂದಾಳ ಮದುವೆ ಮುರಿದರೆ? ತಲೆ ಎತ್ತಿದರೆ, ಹಾಡಹಗಲೇ ಒಂದು ದೀಪ ಉರಿಯುತ್ತಿದೆ! ಎರಡೂ ಕೈ ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ.

ಬೇರೆ ಧೋತರ ಉಟ್ಟು ಬಂದ ಬೀಗರು ನನ್ನ ಕಣ್ಣು ಎಲ್ಲಿದೆ ಎಂದು ನೋಡಿ ನಕ್ಕರು. "ಒಪ್ಪಿಗಿ ಐತ್ರಿ ಯಕ್ಕಾ. ಇನ್ನ ಇದು ನಿಮ್ಮದ ಮನಿ. ಆ ದೀಪ ನೀವ ಆರಸ್ರಿ."

ಕಣ್ಣೀರು ಒರೆಸಿಕೊಂಡು ಎದ್ದು ಗುಂಡಿ ಒತ್ತಿದೆ.

ದೀಪ ಉರಿಯುತ್ತಲೇ ಇತ್ತು. ಬೀಗರ ಒದ್ದೆ ಧೋತರ ಒಣಗಿಸುತ್ತಿದ್ದ ಫ್ಯಾನು ನಿಂತಿತು.