ವಾಲ್‌ಬುರ್ಗಾಳ ತೂಕದ ಬತ್ತಿ

ಮೇಣದ ಬತ್ತಿ ಮಾಡುವ ಕೊರ್ಬಿನಿಯನ್ ಅಂದು ಗಟ್ಟಿ ಮನಸ್ಸು ಮಾಡಿ ಹೊರಟಿದ್ದ. ವಾಲ್‌ಬುರ್ಗಾಳ ಬ್ಯಾಂಕಿನಲ್ಲಿಟ್ಟ ಹಣವನ್ನು ಬಿಡಿಸಿಕೊಂಡೇ ಬರಬೇಕು. ಭಾನುವಾರ ಮಗಳು ಆಫ್ರಾಳ ಮದುವೆ. ಅಷ್ಟರೊಳಗೆ ಬೀಗನಾಗುವ ಮಾಂಸದಂಗಡಿ ಸೆಬಾಲ್ಡನಿಗೆ ವರದಕ್ಷಿಣೆ ಕೊಡಬೇಕು. ಬರಿಗೈಲಿ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಹೆಂಡತಿ ಹೇಳಿಯೇ ಕಳಿಸಿದ್ದಳು.

ಈ ವಾಲ್‌ಬುರ್ಗಾ ಮ್ಯೂನಿಕ್ಕಿಗೆ ಬಂದಾಗ ಬಾಡಿಗೆ ಕೊಡಲೂ ಗತಿಯಿರಲಿಲ್ಲ. ನೂರು ಗುಲ್ಡನ್ ಇಟ್ಟರೆ ತಿಂಗಳಿಗೆ ಎಂಟು ಬಡ್ಡಿ, ಅದೂ ಮುಂಗಡ ಎಂದಳು ನೋಡಿ, ಗಾರೆಯವರು, ಅಗಸಗಿತ್ತಿಯರು, ಪಾದ್ರಿಗಳ ಅಡುಗೆಯವರು ಎಲ್ಲ ಮುಗಿಬಿದ್ದರು. ಇವರ ದುಡ್ಡಲ್ಲಿ ಅವರಿಗೆ ಬಡ್ಡಿ, ಅವರ ದುಡ್ಡಲ್ಲಿ ಇವರಿಗೆ. ಆಕೆಗೆ ಸಾರೋಟು ಬಂತು, ಎದೆಯ ಮೇಲೆ ಅಂಗೈಯಗಲದ ಶಿಲುಬೆ ಬಂತು. ಅನುಮಾನಪಟ್ಟವರನ್ನು ಬೀದಿಯವರು ದೇವರ ವೈರಿಗಳೆಂದು ಬೈದರು.

ಬ್ಯಾಂಕಿಗೆ ಬಂದ ಕೊರ್ಬಿನಿಯನ್ ಬಾಯಿ ತೆರೆಯುವ ಮೊದಲೇ ಆಕೆ ತನ್ನ ಮಂಡಿನೋವಿನ ಕತೆ ತೆಗೆದಳು. ವಾಸಿಯಾದರೆ ಬೆಟ್ಟದ ಇಗರ್ಜಿಯ ಮಾತೆಗೆ ತನ್ನ ತೂಕದ ಮೇಣದ ಬತ್ತಿ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದಳಂತೆ. ವಾಸಿಯಾಯಿತಂತೆ.

"ಊರಲ್ಲಿ ಮೇಣದವರು ಬೇಕಾದಷ್ಟು ಜನ ಇದಾರೆ, ಕೊರ್ಬಿನಿಯನ್ನವರೇ. ಆದ್ರೆ ಮಾತೆ ಕನಸಲ್ಲಿ ನಿಮ್ಮ ಕೈನೇ ತೋರಿಸಿದ್ಲು. ಬೆಟ್ಟದಿಂದ ಬಂದ ತಕ್ಷಣ ನೀವಿಟ್ಟ ದುಡ್ಡು, ಬತ್ತಿ ದುಡ್ಡು, ಎರಡೂ ಲೆಕ್ಕ ಚುಕ್ತಾ ಮಾಡೋಣ."

ಪುಣ್ಯಾತ್ಮ ಉಬ್ಬಿಹೋದ. ಸೆಬಾಲ್ಡನ ಅಂಗಡಿಯಲ್ಲಿ, ಹಂದಿ ತೂಗುವ ತಕ್ಕಡಿಯಲ್ಲಿ ಆಕೆಯನ್ನು ಕೂರಿಸಿದರು. ಬೀದಿಯೇ ನೆರೆಯಿತು. ಎಷ್ಟು ತೂಕದ ಕಲ್ಲು ಹೇರಿದರೂ ಆಕೆ ಕೂತ ತಟ್ಟೆ ಮೇಲೇಳದು. ಪಕ್ಕದಂಗಡಿಯಿಂದ ಎರವಲು ತಂದರು. ಅದು ಪುಣ್ಯದ ಭಾರ ಎಂದು ಅಗಸಗಿತ್ತಿ ಕಣ್ಣೊರೆಸಿಕೊಂಡಳು. ತಾನು ಮುಂದಾಗಿ ಹೋಗಿ ಉಪವಾಸ ಕೂರುತ್ತೇನೆ, ಬತ್ತಿ ಹಿಂದೆ ಬರಲಿ ಎಂದು ವಾಲ್‌ಬುರ್ಗಾ ಅಲ್ಲಿಂದಲೇ ರೈಲಿಗೆ ಹೊರಟಳು. ಪೆಟ್ಟಿಗೆಗಳನ್ನು ಜನ ಪೈಪೋಟಿಯಲ್ಲಿ ಹೊತ್ತರು.

ಕೊರ್ಬಿನಿಯನ್ ಚಳಿಗಾಲಕ್ಕೆಂದು ಕೂಡಿಟ್ಟ ಮೇಣವನ್ನೆಲ್ಲ ಕರಗಿಸಿದ. ಅಷ್ಟು ದೊಡ್ಡ ಅಚ್ಚು ಎಲ್ಲಿ ಬರಬೇಕು, ಬಿಯರ್ ಪೀಪಾಯಿಗೆ ಸುರಿದ. ಹರಕೆಯ ಬತ್ತಿಯ ಮೇಲೆ ಹೊತ್ತವರ ಹೆಸರಿರುವುದು ವಾಡಿಕೆ. ಇವನು ಕೆಂಪು ಮೇಣದಲ್ಲಿ, ಬೀದಿಯ ಕೊನೆಗೂ ಕಾಣುವಷ್ಟು ದಪ್ಪಗೆ ಬರೆದ.

ಮರುದಿನ ಸಂಜೆ ಸಿಡಿಲಿನಂಥ ಸುದ್ದಿ ಬಂತು. ಪೊಲೀಸರು ಬ್ಯಾಂಕಿನ ತಿಜೋರಿ ಒಡೆದರೆ ಒಳಗೆ ಇಟ್ಟಿಗೆ. ವಾಲ್‌ಬುರ್ಗಾ ಗಡಿ ದಾಟಿ ಸ್ವಿಟ್ಜರ್ಲೆಂಡ್ ಸೇರಿದ್ದಳು. ಆಗ ದರ್ಜಿಯ ಹೆಂಡತಿ ಬಾಯಿಬಿಟ್ಟಳು: ಆಕೆಯ ಏಳು ಲಂಗಗಳ ಅಂಚಿನೊಳಗೂ ಚಿನ್ನದ ನಾಣ್ಯ ಹೊಲಿದುಕೊಟ್ಟವಳು ತಾನೇ. ಸೆಬಾಲ್ಡನ ದುಡ್ಡೂ ಅದರಲ್ಲಿತ್ತು. ಬೀದಿಯವರು ತಮ್ಮ ಚಿನ್ನವನ್ನು ತಾವೇ ತೂಗಿ, ಹೊತ್ತು, ರೈಲು ಹತ್ತಿಸಿದ್ದರು.

ಕೊರ್ಬಿನಿಯನ್ನನಿಗೂ ಎದೆ ಒಡೆದಿತ್ತು. ಆದರೂ ಮೇಣವಾದರೂ ಉಳಿಯಿತಲ್ಲ, ಮತ್ತೆ ಕರಗಿಸಿ ಮಾರಿ ಮಗಳ ಮದುವೆ ಮಾಡೋಣ ಎಂದು ಹೆಂಡತಿಯನ್ನು ಸಮಾಧಾನಪಡಿಸಿದ. ಮರುದಿನ ಬೆಳಿಗ್ಗೆ ಕೋರ್ಟಿನ ಅಮೀನ ಬಂದ. ಬತ್ತಿಯ ಮೇಲಿನ ಹೆಸರು ಓದಿದ.

"ಇದು ವಾಲ್‌ಬುರ್ಗಾಳ ಸೊತ್ತು. ದುಡ್ಡು ಕಳ್ಕೊಂಡೋರಿಗೆಲ್ಲ ಹಂಚಬೇಕು."

"ಸ್ವಾಮಿ, ಅವಳು ನನಗೆ ಚಿಕ್ಕಾಸೂ ಕೊಟ್ಟಿಲ್ಲ."

"ಹಾಗಾದ್ರೆ ನಿನಗೂ ಒಂದು ಪಾಲಿದೆ. ಹೋಗಿ ಸಾಲಲ್ಲಿ ನಿಂತ್ಕೋ."

ಮೂಳೆ ಕೊಯ್ಯುವ ಗರಗಸದಿಂದ ಸೆಬಾಲ್ಡನೇ ಬತ್ತಿ ಕೊಯ್ದ. ಬೀದಿಯವರೆಲ್ಲ ಒಂದೊಂದು ತುಂಡು ಹೊತ್ತು ಮನೆಗೆ ಹೋದರು. ಇನ್ನು ವರ್ಷವಿಡೀ ಯಾರೂ ಬತ್ತಿ ಕೊಳ್ಳಬೇಕಾಗಿಲ್ಲ. ತನ್ನ ಅಂಗೈಯಗಲದ ಪಾಲು ಹಿಡಿದು ಕೊರ್ಬಿನಿಯನ್ ಮನೆಯತ್ತ ಹೊರಟ. ಸೆಬಾಲ್ಡ್ ತನ್ನ ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರ ಬಂದ.

"ಬೀಗರೇ, ಮದುವೆಗೆ ಬತ್ತಿ ತರೋದು ನಿಮಗೆ ತಪ್ತು, ನಮ್ಮ ಹತ್ರಾನೇ ಇದೆ. ನೀವು ಬರೀ ವರದಕ್ಷಿಣೆ ತಂದ್ರೆ ಸಾಕು."